ಗೂಡುಪೆಟ್ಟಿಗೆಗಳಲ್ಲಿ ಸ್ವಾಲೋಗಳ ಪೈಪೋಟಿ

ಉತ್ತರ ಅಮೆರಿಕದ ಹಿತ್ತಿಲುಗಳಲ್ಲಿ ಪರ್ಪಲ್ ಮಾರ್ಟಿನ್ ಹಕ್ಕಿಗಳಿಗೆಂದು ಇಟ್ಟ ಗೂಡುಗಳನ್ನು ಅದೇ ಕುಟುಂಬದ ಟ್ರೀ ಸ್ವಾಲೋಗಳು ಹಿಡಿಯುವುದುಂಟು. ಎರಡೂ ಪೊಟರೆವಾಸಿಗಳು, ಮರ ಕೊರೆಯಲು ಎರಡಕ್ಕೂ ಬಾರದು. ಪೈಪೋಟಿಯ ಮೂಲ ಪೊಟರೆಗಳ ಕೊರತೆಯಾದ್ದರಿಂದ ಪರಿಹಾರವಿರುವುದು ಓಡಿಸುವುದರಲ್ಲಲ್ಲ, ಹಂಚಿಕೊಡುವುದರಲ್ಲಿ. ಮಾರ್ಟಿನ್ ಗೂಡಿನ ಸಮೀಪ ಸುಮಾರು 3.8 ಸೆಂ.ಮೀ. ರಂಧ್ರದ ಒಂಟಿ ಪೆಟ್ಟಿಗೆಯಿಟ್ಟರೆ, ದೊಡ್ಡ ಗಾತ್ರದ ಮಾರ್ಟಿನ್ ಅದರೊಳಗೆ ನುಸುಳಲಾರದು. ಅಲ್ಲಿ ನೆಲೆಸಿದ ಟ್ರೀ ಸ್ವಾಲೋ ಜೋಡಿ ಸ್ವಜಾತಿಯ ಇತರ ಜೋಡಿಗಳನ್ನು ತಾನೇ ದೂರವಿಡುತ್ತದೆ. ಹೆಚ್ಚುವರಿ ಪೆಟ್ಟಿಗೆ ಇನ್ನಷ್ಟು ಸ್ವಾಲೋಗಳನ್ನು ಕರೆತರುತ್ತದೆಂಬ ಆಕ್ಷೇಪಕ್ಕೆ ಈ ಗಡಿಕಾವಲೇ ಉತ್ತರ. ಟ್ರೀ ಸ್ವಾಲೋ ಕಟ್ಟಿದ ಗೂಡನ್ನೇ ಕಿತ್ತೆಸೆಯಬಹುದೆಂಬ ವಾದವೂ ನಿಲ್ಲದು: ಎರಡೂ ಆ ನೆಲದ ಹಕ್ಕಿಗಳೇ, ಮೊಟ್ಟೆ, ಮರಿಗಳಿರುವ ಗೂಡಿಗೆ ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಒಪ್ಪಂದ ಕಾಯ್ದೆಯ ರಕ್ಷಣೆಯಿದೆ.