ಬೂತ್‌ನ ಮತ ಲೆಕ್ಕ ಎಲ್ಲಿ ಸಿಗುತ್ತದೆ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಸಂಜೆ ಹೇಳಿದ ಮತದಾನ ಪ್ರಮಾಣ ಮರುದಿನ ಏರಿದೆ, ಮತ ಸೇರಿಸಿದ್ದಾರೆ!" ಚುನಾವಣೆ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಇಂಥ ಸಂದೇಶ ಹರಿದಾಡುತ್ತದೆ. ಇದನ್ನು ಪರಿಶೀಲಿಸುವುದು ಹೇಗೆ?

ಪ್ರಮಾಣ ಏರುವುದು ಯಾಕೆ?
ಸಂಜೆಯ ಶೇಕಡಾವಾರು ಅಂಕಿ ತಾತ್ಕಾಲಿಕ. ಮತದಾನದ ಅವಧಿ ಮುಗಿಯುವಾಗ ಸಾಲಿನಲ್ಲಿ ನಿಂತ ಎಲ್ಲರೂ ಮತ ಹಾಕಬಹುದು. ದೂರದ ಬೂತ್‌ಗಳ ವಿವರವೂ ತಡವಾಗಿ ಸೇರುತ್ತದೆ. ಹಾಗಾಗಿ ಏರಿಕೆಯೊಂದೇ ಅಕ್ರಮಕ್ಕೆ ಪುರಾವೆಯಲ್ಲ.

ಅಸಲಿ ಲೆಕ್ಕ ಎಲ್ಲಿದೆ?
ಮತದಾನ ಮುಗಿದಾಗ ಪ್ರತಿ ಬೂತ್‌ನಲ್ಲಿ ಎಷ್ಟು ಮತ ಬಿದ್ದಿದೆ ಎಂದು ನಮೂನೆ 17ಸಿಯಲ್ಲಿ ಬರೆದು, ಪ್ರತಿಯನ್ನು ಪಕ್ಷಗಳ ಏಜೆಂಟರಿಗೆ ಕೊಡುತ್ತಾರೆ. ಎಣಿಕೆಯ ನಂತರ ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಮತ ಎಂಬುದು ನಮೂನೆ 20ರಲ್ಲಿರುತ್ತದೆ. ಅಂಚೆ ಮತಗಳ ಲೆಕ್ಕ ಬೇರೆ. ನಮೂನೆ 20 ಸಾರ್ವಜನಿಕರಿಗೂ ಸಿಗುತ್ತದೆ, ಆದರೆ ಕ್ಷೇತ್ರಕ್ಕೊಂದು ಪಿಡಿಎಫ್ ಆಗಿ.

ಬಿಜೂರನ್ನೇ ನೋಡಿ
ಬಿಜೂರು ಇರುವುದು ಉಡುಪಿ ಜಿಲ್ಲೆಯಲ್ಲಿ. ವಿಧಾನಸಭೆಗೆ ಬೈಂದೂರು ಕ್ಷೇತ್ರ, ಲೋಕಸಭೆಗೆ ಶಿವಮೊಗ್ಗ. 2024ರಲ್ಲಿ ಪಕ್ಕದ ಕುಂದಾಪುರ ಕ್ಷೇತ್ರದವರು ಏಪ್ರಿಲ್ 26ರಂದು ಮತ ಹಾಕಿದರೆ, ಬೈಂದೂರಿನವರು ಹಾಕಿದ್ದು ಮೇ 7ರಂದು. "ಉಡುಪಿಯ ಮತದಾನ" ಎಂದು ಒಂದೇ ಅಂಕಿ ಬಂದರೆ ಅದರಲ್ಲಿ ಬಿಜೂರು ಸೇರಿದೆಯೇ? ಸಂದೇಶದಿಂದ ತಿಳಿಯುವುದಿಲ್ಲ. ಇನ್ನು ಪಂಚಾಯತ್ ಚುನಾವಣೆ ನಡೆಸುವುದು ಬೇರೆಯೇ ಸಂಸ್ಥೆ, ರಾಜ್ಯ ಚುನಾವಣಾ ಆಯೋಗ. ಒಂದೇ ಊರಿನ ಮತ ಲೆಕ್ಕ ಹೀಗೆ ಹಂಚಿಹೋಗಿದೆ.

ಎಲ್ಲವೂ ಒಂದೇ ಕಡೆ ಇದ್ದರೆ?
ನಮ್ಮಲ್ಲಿ ಅಶೋಕ ವಿಶ್ವವಿದ್ಯಾಲಯದ 'ಲೋಕ್ ಢಾಬಾ' ಕ್ಷೇತ್ರ ಮಟ್ಟದ ಫಲಿತಾಂಶಗಳನ್ನು ಉಚಿತವಾಗಿ ಕೊಡುತ್ತದೆ. ಬೂತ್ ಮಟ್ಟದ್ದೂ ಹುಡುಕುವ, ಹೋಲಿಸುವ ರೂಪದಲ್ಲಿ ಸಿಕ್ಕರೆ ಸುಳ್ಳು ಅಂಕಿಯನ್ನು ನಿಮಿಷದಲ್ಲಿ ಹಿಡಿಯಬಹುದು.

ಗುಟ್ಟು ರಟ್ಟಾಗುವುದಿಲ್ಲವೇ?
ನೀವು ಯಾರಿಗೆ ಹಾಕಿದಿರಿ ಎಂಬುದು ಯಾವ ನಮೂನೆಯಲ್ಲೂ ಇರುವುದಿಲ್ಲ. ಆದರೆ ಸಣ್ಣ ಬೂತ್‌ನಲ್ಲಿ ಊರಿನ ಒಲವು ಗೊತ್ತಾಗುತ್ತದೆ, "ನಮಗೆ ಮತ ಹಾಕದ ಊರು" ಎಂದು ಕಡೆಗಣಿಸುವ ಭಯವಿದೆ. ಅದಕ್ಕೆಂದೇ ಹಲವು ಬೂತ್‌ಗಳ ಮತ ಬೆರೆಸಿ ಎಣಿಸುವ 'ಟೋಟಲೈಸರ್' ಬಳಸಲು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತ್ತು. ಭಂಡಾರ ಕಟ್ಟುವವರು ಈ ಪ್ರಶ್ನೆಗೂ ಉತ್ತರಿಸಬೇಕು.

ಫಾರ್ವರ್ಡ್ ಮಾಡುವ ಮುನ್ನ
1. ಅಂಕಿ ಯಾವ ಚುನಾವಣೆಯದು, ಯಾವ ಕ್ಷೇತ್ರದ್ದು?
2. ತಾತ್ಕಾಲಿಕವೋ, ಅಂತಿಮವೋ?
3. ಅಂಚೆ ಮತ ಸೇರಿದೆಯೋ?
ಈ ಮೂರಕ್ಕೂ ಉತ್ತರವಿಲ್ಲದ ಸಂದೇಶವನ್ನು ಮುಂದೆ ಕಳಿಸಬೇಡಿ.