ಕೋಶದಿಂದಲೇ ಕೋಶ

ನಿಮ್ಮ ಅಂಗೈಯನ್ನೊಮ್ಮೆ ನೋಡಿಕೊಳ್ಳಿ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಕೋಶಗಳು ಅಲ್ಲಿ ಸದ್ದಿಲ್ಲದೆ ದುಡಿಯುತ್ತಿವೆ. ಮಾನವ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆಯೆಂಬುದು ಇಂದಿನ ಒಂದು ಅಂದಾಜು. ಇವೆಲ್ಲವೂ ಎಲ್ಲಿಂದ ಬಂದವು?

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅವರು ಸೂಕ್ಷ್ಮದರ್ಶಕದ ಮೂಲಕ ಬೆಂಡಿನ ತೆಳುವಾದ ಚೂರೊಂದರಲ್ಲಿ ಜೇನುಗೂಡಿನಂತಹ ಪುಟ್ಟ ಕೋಣೆಗಳನ್ನು ಕಂಡು, ಅವುಗಳನ್ನು 'ಸೆಲ್' ಎಂದು ಕರೆದರು. 1674ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್, ಸರೋವರದ ನೀರಿನಲ್ಲಿ ಚಲಿಸುವ ಸೂಕ್ಷ್ಮಜೀವಿಗಳನ್ನು ಕಂಡರು. ಏಕಕೋಶ ಜೀವಿಗಳ ಲೋಕ ಹೀಗೆ ತೆರೆಯಿತು. ಅಲ್ಲಿ ಒಂದೇ ಕೋಶ ಉಣ್ಣುತ್ತದೆ, ಬೆಳೆಯುತ್ತದೆ, ಎರಡಾಗುತ್ತದೆ.

ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು 1838ರಲ್ಲಿ ಜರ್ಮನಿಯ ಶ್ಲೈಡೆನ್ ಸಾರಿದರು. ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಕಥೋಲಿಕ ವಿಶ್ವಾಸಿಯಾಗಿದ್ದ ಶ್ವಾನ್ ತೋರಿಸಿದರು. ಆದರೆ ಹೊಸ ಕೋಶಗಳು ಹರಳುಗಟ್ಟುವಂತೆ ರೂಪವಿಲ್ಲದ ದ್ರವ್ಯದಿಂದ ಮೂಡುತ್ತವೆ ಎಂದು ಅವರು ತಪ್ಪಾಗಿ ತಿಳಿದಿದ್ದರು.

ಅದನ್ನು ತಿದ್ದಿದವರು ಬರ್ಲಿನ್ನಿನ ರಾಬರ್ಟ್ ರೆಮಾಕ್. 1841ರಲ್ಲಿ ಕೋಳಿಯ ಭ್ರೂಣದ ರಕ್ತಕೋಶ ಎರಡಾಗಿ ವಿಭಜನೆಗೊಳ್ಳುವುದನ್ನು ಅವರು ಕಂಡಿದ್ದರು. ಕಪ್ಪೆಯ ಮೊಟ್ಟೆಗಳನ್ನೂ ಪರೀಕ್ಷಿಸಿ, ಕೋಶ ಹುಟ್ಟುವುದು ಮತ್ತೊಂದು ಕೋಶದ ವಿಭಜನೆಯಿಂದಲೇ ಎಂದು 1852ರಲ್ಲಿ ಪ್ರಕಟಿಸಿದರು. 1855ರಲ್ಲಿ ವಿರ್ಕೋ ಅವರು ಇದೇ ತತ್ವವನ್ನು ಸಾರಿದಾಗ, ಕೀರ್ತಿ ಬಹುಪಾಲು ಅವರಿಗೇ ಸಂದಿತು.

ರೆಮಾಕ್ ಯೆಹೂದ್ಯರು. ದೀಕ್ಷಾಸ್ನಾನ ಪಡೆಯದ ಯೆಹೂದ್ಯನಿಗೆ ಅಂದಿನ ಪ್ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಲು ಅವಕಾಶವಿರಲಿಲ್ಲ. ಅವರು ತಮ್ಮ ಪೂರ್ವಜರ ಧರ್ಮವನ್ನು ಬಿಡಲಿಲ್ಲ. 1847ರಲ್ಲಿ ವಿಶೇಷ ಅನುಮತಿಯಿಂದ ಉಪನ್ಯಾಸಕರಾದರು. 1859ರಲ್ಲಿ ಕೆಳದರ್ಜೆಯ ಪ್ರಾಧ್ಯಾಪಕ ಪದವಿ ದೊರೆಯಿತು. ಪೂರ್ಣ ಪ್ರಾಧ್ಯಾಪಕರಾಗದೆಯೇ 1865ರಲ್ಲಿ ತೀರಿಕೊಂಡರು.

ಇದು ನಮ್ಮನ್ನು ನೋಯಿಸಬೇಕಾದ ಸಂಗತಿ. ಒಂದೇ ದೇಹ, ಹಲವು ಅಂಗಗಳು ಎಂಬ ಸಂತ ಪೌಲರ ಬೋಧನೆಯನ್ನು ದೇವಾಲಯಗಳಲ್ಲಿ ಓದುತ್ತಿದ್ದ ನಾಡೇ, ದೇಹದ ರಹಸ್ಯವನ್ನು ಬಿಡಿಸಿದ ಮನುಷ್ಯನನ್ನು ಹೊರಗೆ ನಿಲ್ಲಿಸಿತು. ದೀಕ್ಷಾಸ್ನಾನ ದೇವರ ವರ. ಅದನ್ನು ಉದ್ಯೋಗದ ಬೆಲೆಯಾಗಿ ಕೇಳುವುದು ಆ ಸಂಸ್ಕಾರಕ್ಕೇ ಅಗೌರವ.

ತಾಯಿಯ ಗರ್ಭದಲ್ಲಿ ನಾವೆಲ್ಲರೂ ಒಂದೇ ಒಂದು ಕೋಶವಾಗಿದ್ದೆವು. ಕಣ್ಣಿನ ಕೋಶಕ್ಕೂ ಹಿಮ್ಮಡಿಯ ಕೋಶಕ್ಕೂ ಮೂಲ ಅದೇ. ಹುಟ್ಟಿನಿಂದ ಮೇಲೆಂಬ ಕೋಶ ಅಲ್ಲಿಲ್ಲ. ಕೆಲಸ ಬೇರೆ, ಬದುಕು ಒಂದೇ. ಮುಂದಿನ ಭಾನುವಾರ ಬಲಿಪೂಜೆಗೆ ಕುಳಿತಾಗ, ನಮ್ಮ ಧರ್ಮಕೇಂದ್ರದ ಹೊಸ್ತಿಲಾಚೆ ಯಾರನ್ನು ನಿಲ್ಲಿಸಿದ್ದೇವೆ ಎಂದು ಒಮ್ಮೆ ಯೋಚಿಸೋಣ. ಪಕ್ಕದ ಜಾಗವನ್ನು ಅವರಿಗಾಗಿ ತೆರವು ಮಾಡೋಣ.