ಪ್ಯಾರಿಷ್ ಮನೆಗಳು: ಇಂಗ್ಲೆಂಡಿನ ಕುಟುಂಬ ಚರಿತ್ರೆಯ ಒಂದು ಆಕರ

ಇಂಗ್ಲೆಂಡಿನಲ್ಲಿ ಪೂರ್ವಜರನ್ನು ಅರಸುವ ಸಂಶೋಧಕರಿಗೆ ಪ್ಯಾರಿಷ್ ರಿಜಿಸ್ಟರುಗಳು ಪ್ರಥಮ ಆಧಾರ. ಒಂದು ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಪ್ರದೇಶವೇ ಪ್ಯಾರಿಷ್. ಅಲ್ಲಿನ ದೀಕ್ಷಾಸ್ನಾನ, ವಿವಾಹ ಹಾಗೂ ಶವಸಂಸ್ಕಾರಗಳನ್ನು 1538ರ ಆದೇಶದಂತೆ ದಾಖಲಿಸತೊಡಗಿದರು. ಆದರೆ ಆ ಜನರು ಯಾವ ಸೂರಿನಡಿ ಬಾಳಿದರು ಎಂಬುದನ್ನು ಈ ರಿಜಿಸ್ಟರುಗಳು ಸಾಮಾನ್ಯವಾಗಿ ತಿಳಿಸುವುದಿಲ್ಲ. ಉಯಿಲನ್ನಾಗಲಿ ಕ್ರಯಪತ್ರವನ್ನಾಗಲಿ ಉಳಿಸಿಹೋಗದ ಬಡವರ ಮಟ್ಟಿಗೆ ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸುವುದು ‘ಪ್ಯಾರಿಷ್ ಮನೆ’ಗಳ ಲೆಕ್ಕಪತ್ರಗಳು.

1589ರ ಕಾಯಿದೆಯು ಹೊಸದಾಗಿ ಕಟ್ಟುವ ಗುಡಿಸಲಿಗೆ ನಾಲ್ಕು ಎಕರೆ ಭೂಮಿ ಇರಬೇಕೆಂದು ವಿಧಿಸಿತ್ತು. 1601ರ ಬಡವರ ಪರಿಹಾರ ಕಾಯಿದೆಯು ಈ ನಿರ್ಬಂಧವನ್ನು ಸಡಿಲಿಸಿ, ಜಹಗೀರಿನ ಒಡೆಯನ ಒಪ್ಪಿಗೆ ಪಡೆದು ಬಂಜರು ನೆಲದಲ್ಲಿ ಅಶಕ್ತರಿಗಾಗಿ ಪ್ಯಾರಿಷ್ ವೆಚ್ಚದಲ್ಲಿ ಮನೆ ಕಟ್ಟಲು ಅವಕಾಶ ನೀಡಿತು. ಒಂದೇ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳನ್ನು ಇರಿಸಲೂ ಅನುಮತಿಯಿತ್ತು. ಆದ್ದರಿಂದ ಒಂದು ಮನೆಯಲ್ಲಿ ಕಾಣಿಸುವ ಹೆಸರುಗಳನ್ನೆಲ್ಲ ಬಂಧುಗಳೆಂದು ಭಾವಿಸಿ ವಂಶವೃಕ್ಷ ರಚಿಸುವುದು ಪ್ರಮಾದಕ್ಕೆ ಎಡೆಮಾಡುತ್ತದೆ.

ಆ ಮನೆಯ ವಾಸವು ಸಾಮಾನ್ಯವಾಗಿ ಸೂಚಿಸುವುದು ನೆಲೆಯ ಹಕ್ಕನ್ನು. 1662ರ ಕಾಯಿದೆಯ ಪ್ರಕಾರ, ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಮೌಲ್ಯದ ಗೇಣಿಯಲ್ಲಿ ನೆಲಸಿದ ಹೊಸಬರು ಪ್ಯಾರಿಷ್‌ಗೆ ಹೊರೆಯಾಗಬಹುದೆಂದು ಕಂಡರೆ, 40 ದಿನಗಳೊಳಗೆ ದೂರು ಸಲ್ಲಿಸಿ ಅವರನ್ನು ಮೂಲ ಪ್ಯಾರಿಷ್‌ಗೆ ಹಿಂದಿರುಗಿಸಬಹುದಿತ್ತು. ಹೊರೆಯಾಗುವರೆಂಬ ಶಂಕೆಯಿಂದಲೇ ಬಡವರನ್ನು ಹೊರಹಾಕುವ ಕ್ರಮ ಕೊನೆಗೊಂಡದ್ದು 1795ರಲ್ಲಿ. ನೆಲೆಯ ವಿಚಾರಣೆಗಳಲ್ಲಿ ದಾಖಲಾದ ಹೇಳಿಕೆಗಳು ಹುಟ್ಟಿದೂರು, ದುಡಿದ ಊರು, ಮಡದಿ ಮಕ್ಕಳ ವಿವರಗಳನ್ನು ಒಳಗೊಂಡಿರುವುದುಂಟು. ಬಡವರ ಮೇಲ್ವಿಚಾರಕರ ಲೆಕ್ಕದಲ್ಲಿನ ಬಾಡಿಗೆ, ಹುಲ್ಲುಹೊದಿಕೆ, ಸೌದೆಗಳ ಖರ್ಚನ್ನು ಇವುಗಳೊಡನೆ ಹೋಲಿಸಿ ಓದಬೇಕು.

ಪ್ಯಾರಿಷ್ ಮನೆಯನ್ನು ದತ್ತಿಯಿಂದ ನಡೆಯುವ ಆಶ್ರಯಗೃಹದೊಡನೆಯಾಗಲಿ, ದುಡಿಮೆಯ ಷರತ್ತು ವಿಧಿಸುತ್ತಿದ್ದ ವರ್ಕ್‌ಹೌಸಿನೊಡನೆಯಾಗಲಿ ಸಮೀಕರಿಸಲಾಗದು. 1834ರ ಕಾಯಿದೆಯು ಪ್ಯಾರಿಷ್‌ಗಳನ್ನು ಒಕ್ಕೂಟಗಳಾಗಿ ಕೂಡಿಸಿತು. 1835ರ ಕಾಯಿದೆಯು ಪ್ಯಾರಿಷ್ ಆಸ್ತಿಗಳ ಮಾರಾಟಕ್ಕೆ ದಾರಿ ತೆರೆಯಿತು. ಹಳೆಯ ಮನೆಗಳು ಅನೇಕ ಕಡೆ ಖಾಸಗಿಯವರ ಪಾಲಾದವು. 1836ರ ಕಾಯಿದೆಯ ಮೇರೆಗೆ ಸಿದ್ಧವಾದ ದಶಾಂಶ ತೆರಿಗೆಯ ನಕ್ಷೆಗಳ ಜೊತೆಗಿನ ಪಟ್ಟಿಗಳು ಮಾಲೀಕರನ್ನೂ ವಾಸಿಗಳನ್ನೂ ಬೇರೆಬೇರೆಯಾಗಿ ಹೆಸರಿಸುವುದರಿಂದ, ಮಾರಾಟವಾಗದೆ ಉಳಿದ ಮನೆಗಳನ್ನು ಗುರುತಿಸಲು ನೆರವಾಗುತ್ತವೆ.

ಹೀಗೆ ಕಾಲವನ್ನರಿತು ಓದಿದಾಗ, ಹುಲ್ಲುಹೊದಿಕೆಗೆ ತೆತ್ತ ಕೆಲವು ಶಿಲಿಂಗುಗಳ ಲೆಕ್ಕವೂ ಆಸ್ತಿಯಿಲ್ಲದ ಕುಟುಂಬವೊಂದು ಆ ನೆಲದಲ್ಲಿ ಬಾಳಿತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ.